ಸರ್ವರ್‌ಗೆ ಹೊದಿಸಿದ ಸೀರೆ

ಕೇಳಿ ಗೆಳತಿಯರೇ, ಇವತ್ತು ಹೆಮ್ಮಿಗೆಯ ನಮ್ಮ ಅಂಗಳದಲ್ಲಿ ರಾಗಿ ಒಕ್ಕಣೆ. ಸೊಸೆ ರೂಪಾ ಮನೆಯಲ್ಲಿಟ್ಟಿರುವ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಧೂಳು ಕೂರಬಾರದೆಂದು ಹಳೇ ಸೀರೆ ಮಡಿಚಿ ಹೊದಿಸಿದೆ. ಅದರ ಬಿಸಿ, ಫ್ಯಾನಿನ ವೇಗ ಗಮನಿಸುವ ಸಾಫ್ಟ್‌ವೇರ್ ಬರೆಯುವುದೇ ಅವಳ ಕೆಲಸ. ಇವತ್ತು ಮೈಸೂರಿನ ಆಫೀಸಿಗೆ ಹೋಗಿ ಆ ಸಾಫ್ಟ್‌ವೇರನ್ನು ತೋರಿಸಬೇಕಿತ್ತು.

ಹತ್ತೇ ನಿಮಿಷಕ್ಕೆ ಅವಳ ಫೋನ್ ಬಂತು.

“ಅತ್ತೆ, ಸರ್ವರ್ ಮೇಲೆ ಏನಾದ್ರೂ ಹೊದಿಸಿದ್ದೀರಾ? ಕಾದು ಆಫ್ ಆಗೋ ಹಂಗದೆ. ಎಲ್ಲರ ಮುಂದೆ ತೋರಿಸ್ತಾ ಇದ್ದೀನಿ, ಬೇಗ ತೆಗೀರಿ.”

“ಧೂಳು ಅಂತ ಹೊದಿಸಿದೆ ಕಣಮ್ಮ. ನಿಂಗ್ಯಾರು ಹೇಳಿದ್ದು?”

“ಅದೇ ಹೇಳ್ತು ಅತ್ತೆ.”

ಸೀರೆ ತೆಗೆದೆ, ಸರ್ವರ್ ಉಳಿಯಿತು. ಸಾಫ್ಟ್‌ವೇರ್ ಕಣ್ಣೆದುರೇ ಎಚ್ಚರಿಸಿದ್ದನ್ನು ನೋಡಿ ಆಫೀಸಿನವರು ಮೆಚ್ಚಿದರಂತೆ.

ಈ ಮನೆಯಲ್ಲಿ ನನ್ನ ಮೇಲೆ ಚಾಡಿ ಹೇಳುವ ಧೈರ್ಯ ಇದುವರೆಗೆ ಯಾರಿಗೂ ಇರಲಿಲ್ಲ. ಸೊಸೆ ಅದಕ್ಕೂ ಒಂದು ಸಾಫ್ಟ್‌ವೇರ್ ಬರೆದಿದ್ದಾಳೆ.