ಮೀನಿನ ತೊಟ್ಟಿಯ ನರಿಬಾಲ

ಆ ಮೂರು ಮೀನು ಕುಂಕುಮದಿಂದ ಸಾಯಲಿಲ್ಲ, ನನ್ನ ಕೈಯಿಂದ ಸತ್ತವು. ಅದಕ್ಕಿಂತ ಕೆಟ್ಟದ್ದೆಂದರೆ, ಗೊತ್ತಾದ ಮೇಲೂ ಆರು ಗಂಟೆ ನಾನು ಬಾಯಿ ಬಿಡಲಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್ ಬಿಟ್ಟು ಆಂಧ್ರ ಗಡಿಯ ಅಗಳಿ ಕಡೆಯ ನಮ್ಮೂರಿಗೆ ಮರಳಿ ಎರಡು ವರ್ಷವಾಗಿತ್ತು. ಹಿಂದೂಪುರದ ದಾರಿಯಲ್ಲಿ ಹೊಸ ಫ್ಯಾಕ್ಟರಿಯಾಗಿ, ಅದರ ವ್ಯಾನು ಊರೂರಿಗೆ ಬಂದು ಹೆಂಗಸರನ್ನು ಹತ್ತಿಸಿಕೊಳ್ಳುತ್ತಿತ್ತು. ನಾನೂ ಅಲ್ಲಿಗೇ ಸೇರಿದೆ. ನನ್ನದು ಮೊದಲಿಂದಲೂ ಟ್ರಿಮ್ಮಿಂಗ್, ಅಂದರೆ ಹೊಲಿದು ಬಂದ ಶರ್ಟಿನ ಉಳಿಕೆ ದಾರ ಕತ್ತರಿಸುವುದು. ಕಣ್ಣು ಮಂಜಾಗಿ ಬಿಳಿ ಬಟ್ಟೆಯ ಮೇಲೆ ಬಿಳಿ ದಾರ ಕಾಣದಾಯಿತು. ಮ್ಯಾನೇಜರ್ ಮನೆಗೆ ಕಳಿಸದೆ, ಮುಂದಿನ ಆಫೀಸಿನ ಗಾಜಿನ ಮೀನಿನ ತೊಟ್ಟಿ ನೋಡಿಕೊಳ್ಳಲು ಹಾಕಿದರು.

ಅದರಲ್ಲೊಂದು ಗಿಡ. ಅಂಗಡಿಯವನು ಹಾರ್ನ್‌ವರ್ಟ್ ಎಂದ, ನಾವು ನರಿಬಾಲ ಎಂದೆವು. ಬೇರಿಲ್ಲ, ಮಣ್ಣು ಬೇಡ, ನೀರು ಬೆಳಕಿದ್ದರೆ ಸಾಕು. ಗೇಣುದ್ದದ ಎರಡು ಕಡ್ಡಿ ಬಿಟ್ಟಿದ್ದೆ, ಎರಡೇ ತಿಂಗಳಿಗೆ ಮೀನು ಕಾಣದಂತೆ ತುಂಬಿಕೊಂಡಿತು. ವಾರಕ್ಕೊಮ್ಮೆ ಹಿಡಿಹಿಡಿಯಾಗಿ ಎತ್ತಿ ಹೊರಗೆ ಹಾಕಬೇಕು.

ಆಯುಧಪೂಜೆಯ ದಿನ ತೊಟ್ಟಿ ಚೆನ್ನಾಗಿ ಕಾಣಲೆಂದು, ದಾರದ ಕಟ್ಟರ್ ತಂದು ನೀರೊಳಗೇ ನರಿಬಾಲವನ್ನು ಸಮ ಮಾಡಿದೆ. ಟ್ರಿಮ್ಮಿಂಗಿನಲ್ಲಿ ಕತ್ತರಿಸಿದ್ದನ್ನು ಕೆಳಗೆ ಬಿಡುವುದೇ ರೂಢಿ, ಕೊನೆಗೆ ಯಾರೋ ಗುಡಿಸುತ್ತಾರೆ. ದೊಡ್ಡ ತುಂಡು ಬಾಚಿ ತೆಗೆದು, ಸೂಜಿಯಂಥ ಸಣ್ಣ ಎಲೆಗಳನ್ನು ಹಾಗೇ ಬಿಟ್ಟೆ. ಆಫೀಸು ಗುಡಿಸುವ ರತ್ನಮ್ಮ ನಮ್ಮೂರವಳೇ. ಎಲ್ಲ ಮಿಷನ್ನಿಗೂ ಕುಂಕುಮ ಇಟ್ಟವಳು ತೊಟ್ಟಿಯ ಫಿಲ್ಟರ್ ಮೋಟರಿಗೂ ಇಟ್ಟಳು.

"ಇದೂ ಮಿಷನ್ನೇ ಅಲ್ವಾ ದೊಡ್ಡಮ್ಮ. ನಮ್ಮಂಗೆ ರಾತ್ರಿಯೆಲ್ಲಾ ಓಟಿ ಮಾಡ್ತೈತೆ ಪಾಪ."

ಮಾರನೆಯ ದಿನ ಹಬ್ಬದ ರಜೆ. ಅದರ ಮಾರನೆಯ ದಿನ ಬಂದು ನೋಡಿದರೆ ಮೂರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಳಿದವು ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮ್ಯಾನೇಜರ್ ಕಣ್ಣು ಮೋಟರಿನ ಕುಂಕುಮದ ಮೇಲೆ ಬಿತ್ತು.

"ಎವರು ಪೆಟ್ಟಿಂದಿ?" ಇಟ್ಟಿದ್ದು ಯಾರೆಂದು ತೆಲುಗಿನಲ್ಲಿ ಕೇಳಿದರು.

"ನಾನೇ ಸಾರ್," ಎಂದಳು ರತ್ನಮ್ಮ. "ಚಿಟಿಕೆ ಇಟ್ಟಿದ್ದು ಸಾರ್, ನೀರಿಗೆ ಬಿದ್ದಿಲ್ಲ."

ಅವರು ಕೇಳಲಿಲ್ಲ. ಕುಂಕುಮದ ಬಣ್ಣ ನೀರಿಗಿಳಿದು ವಿಷವಾಯಿತೆಂದು, ಅವಳನ್ನು ಆಗಲೇ ಮನೆಗೆ ಕಳಿಸಿದರು. ನಾಳೆಯಿಂದ ಬರಬೇಡವೆಂದರು. ಕುಂಕುಮ ಒರೆಸಿ ಮೀನು ಉಳಿಸು ಎಂದು ನನಗೆ ಹೇಳಿ ಒಳಗೆ ಹೋದರು.

ಮೋಟರ್ ಗುಂಯ್ ಎನ್ನುತ್ತಿತ್ತು, ನೀರು ಮಾತ್ರ ಬರುತ್ತಿರಲಿಲ್ಲ. ಫಿಲ್ಟರ್ ಬಿಚ್ಚಿದೆ. ಒಳಗಿನ ಸ್ಪಂಜು ಕಾಣದಷ್ಟು ನರಿಬಾಲದ ಚೂರು, ಹಸಿರು ಮುದ್ದೆಯಂತೆ ಬಿಗಿದು ಕೂತಿತ್ತು. ಆಡುವ ನೀರು ನಿಂತು ಮೀನಿಗೆ ಉಸಿರು ಸಾಲದಾಗಿತ್ತು. ಆಗ ಗಂಟೆ ಒಂಬತ್ತೂವರೆ. ಮುದ್ದೆಯನ್ನು ಕವರಿನಲ್ಲಿ ಕಟ್ಟಿ ಬಕೆಟ್ಟಿನ ಹಿಂದೆ ಇಟ್ಟೆ. ಈ ಕೆಲಸವೂ ಹೋದರೆ ಈ ಕಣ್ಣಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಕುಂಕುಮ ಒರೆಸಿ, ಸ್ಪಂಜು ತೊಳೆದು ಕೂರಿಸಿ, ನೀರಿಗೆ ಗಾಳಿ ಸೇರಲೆಂದು ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಹುಯ್ಯುತ್ತಾ ನಿಂತೆ. ರಟ್ಟೆ ಸೋತಿತು. ಊಟದ ಬೆಲ್ಲು ಹೊಡೆದರೂ ಬಿಡಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಮೀನುಗಳು ಕೆಳಗಿಳಿದು ಈಜಿದವು. ಮ್ಯಾನೇಜರ್ ಬಂದು ನೋಡಿ ತಲೆಯಾಡಿಸಿದರು.

"ನೋಡ್ದಾ? ಕುಂಕುಮ ಒರೆಸಿದ ಮೇಲೆ ಎಲ್ಲಾ ಸರಿಹೋಯ್ತು. ಆಯಮ್ಮಂದೇ ತಪ್ಪು."

ನಾನು ಕದ್ದು ತೊಳೆದ ಸ್ಪಂಜೇ ಅವಳ ಮೇಲೆ ಸಾಕ್ಷಿಯಾಯಿತು. ಇನ್ನರ್ಧ ಗಂಟೆ ಬೇಕಿಲ್ಲದಿದ್ದರೂ ನೀರು ಹುಯ್ದೆ. ಆಮೇಲೆ ಆ ಕವರನ್ನು ಅವರ ಮೇಜಿನ ಮೇಲೆ ಬಿಚ್ಚಿದೆ.

"ಇದು ನಾನು ಕತ್ತರಿಸಿದ್ದು ಸಾರ್. ಮೋಟರಿಗೆ ಸಿಕ್ಕೊಂಡಿತ್ತು. ಆಯಮ್ಮಂದು ಏನೂ ಇಲ್ಲ."

ಅವರು ಮುದ್ದೆಯನ್ನು ಪೆನ್ನಿನಿಂದ ತಿರುವಿ ನೋಡಿದರು. "ಬೆಳಗ್ಗೆಯಿಂದ ಏನ್ ಮಾಡ್ತಿದ್ದೆ?" ಎಂದರು. ನನ್ನನ್ನು ಕ್ಯಾಂಟೀನಿನ ಪಾತ್ರೆ ತೊಳೆಯಲು ಹಾಕಿ, ರತ್ನಮ್ಮ ನಾಳೆ ಬರಲಿ, ತೊಟ್ಟಿ ಅವಳಿಗೆ ಎಂದರು.

ನೀರಿನಲ್ಲಿ ಕತ್ತರಿಸಿದ್ದು ಕೆಳಗೆ ಬಿದ್ದು ಸುಮ್ಮನಿರುವುದಿಲ್ಲ, ಹರಿದುಹೋಗಿ ಎಲ್ಲೋ ಕಟ್ಟಿಕೊಳ್ಳುತ್ತದೆ. ಗುಡಿಸುವವರು ಬರುತ್ತಾರೆಂದು ಕಾಯಬಾರದು. ನರಿಬಾಲ ಬೆಳೆಸುವವರಿಗೆ ನಾನು ಹೇಳುವುದು ಇಷ್ಟೇ.

ರಾತ್ರಿ ರತ್ನಮ್ಮ ಫೋನ್ ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ವ್ಯಾನು ಬರುವ ಮುಂಚೆ ಅವಳ ಮನೆಗೆ ಹೋಗಿ, ಅವಳ ಅತ್ತೆಯ ಎದುರಿಗೇ ಎಲ್ಲ ಹೇಳಿ, ಕೆಲಸಕ್ಕೆ ಮತ್ತೆ ಕರೆದಿದ್ದಾರೆ ಎಂದೆ.

"ನಿನ್ನೆ ಬೆಳಗ್ಗೇನೇ ಹೇಳಿದ್ರೆ ನಿನ್ ಬಾಯೇನು ಸವೆದೋಗ್ತಿತ್ತಾ ದೊಡ್ಡಮ್ಮ?"

"ಭಯ ಆಯ್ತು ಕಣೆ."

"ನಂಗಾಗ್ಲಿಲ್ವಾ?" ಎಂದು ಒಳಗೆ ಹೋದಳು. ಅತ್ತೆ ನನ್ನತ್ತ ನೋಡಲೂ ಇಲ್ಲ. ಸ್ವಲ್ಪ ಹೊತ್ತಿಗೆ ಒಳಗಿಂದ ಅವಳ ದನಿ ಬಂತು: "ಜಡೆ ಹಾಕ್ಕಂಡು ಬತ್ತೀನಿ. ವ್ಯಾನ್ ಹೋಗ್ಬಾರ್ದು ನೋಡು."

ನಾನು ಹೋಗಿ ರಸ್ತೆಯ ನಡುವೆ ವ್ಯಾನಿಗೆ ಅಡ್ಡ ನಿಂತೆ. ಡ್ರೈವರ್ ಹಾರನ್ ಹೊಡೆದು ಬೈದ. ಅವಳು ಬರುವ ತನಕ ಕದಲಲಿಲ್ಲ.