ಮುನ್ನೂರು ಅಕ್ಷರದ ಪ್ರಶ್ನೆ

ತಿಪಟೂರಿನಿಂದ ಹೊನ್ನವಳ್ಳಿಗೆ ಹೋಗುವ ದಾರಿಯ ತೆಂಗಿನಕಾಯಿ ಪುಡಿಯ ಕಾರ್ಖಾನೆಯಲ್ಲಿ ಯೋಗೀಶನನ್ನು ಎಲ್ಲರೂ ಲಾಯರ್ ಸಾರ್ ಎನ್ನುತ್ತಾರೆ. ಕಟ್ಟುನಿಟ್ಟಾಗಿ ನೋಡಿದರೆ ಅವನೀಗ ಲಾಯರಲ್ಲ. ಆರು ವರ್ಷ ತಿಪಟೂರು ಕೋರ್ಟಿನಲ್ಲಿ ಕಕ್ಷಿದಾರರಿಗಾಗಿ ಕಾದು, ಸಂಬಳದ ಕೆಲಸಕ್ಕೆ ಸೇರುವಾಗ ನಿಯಮದಂತೆ ವಕೀಲಿಕೆಯ ಸನದನ್ನು ವಕೀಲರ ಪರಿಷತ್ತಿಗೆ ಒಪ್ಪಿಸಿದ. ಕರಿಕೋಟು ಮನೆಯ ಬೀರುವಿನಲ್ಲಿದೆ. ಈಗ ಅವನು ಕಂಪನಿಯ ಕಾನೂನು ಅಧಿಕಾರಿ. ಕರಾರು ಓದುತ್ತಾನೆ, ನೋಟಿಸಿಗೆ ಉತ್ತರ ಬರೆಯುತ್ತಾನೆ, ಅನುಮಾನ ಬಂದದ್ದನ್ನು ಬೆಂಗಳೂರಿಗೆ ಬರೆದು ಕೇಳುತ್ತಾನೆ.

ಕೇಳುವುದಕ್ಕೆ ಒಂದು ವ್ಯವಸ್ಥೆ ಇದೆ. ಕಂಪನಿ ಅಲ್ಲಿನ ವಕೀಲರ ಕಚೇರಿಯೊಂದಕ್ಕೆ ವರ್ಷದ ಚಂದಾ ಕಟ್ಟಿದೆ. ಮೊಬೈಲಿನಲ್ಲಿ ಒಂದು ಚೌಕ ತೆರೆಯುತ್ತದೆ. ಅದರಲ್ಲಿ ಮುನ್ನೂರು ಅಕ್ಷರ ಮೀರದಂತೆ ಪ್ರಶ್ನೆ ಬರೆದರೆ, ಆ ವಿಷಯ ಬಲ್ಲವರು ನಾಲ್ಕು ಗಂಟೆಯೊಳಗೆ ಉತ್ತರಿಸುತ್ತಾರೆ. ಕಾರ್ಮಿಕ ಕಾನೂನಿನ ಪ್ರಶ್ನೆಗಳು ಲಿಖಿತಾ ಎಂಬ ವಕೀಲರಿಗೆ ಹೋಗುತ್ತವೆ. ಐದು ವರ್ಷದಲ್ಲಿ ಯೋಗೀಶ ಅವರ ಮುಖ ನೋಡಿಲ್ಲ. ಅವರ ಉತ್ತರ ತಪ್ಪಿದ್ದನ್ನೂ ನೋಡಿಲ್ಲ.

ಕಳೆದ ಮಾರ್ಚ್ ಹನ್ನೊಂದರಂದು, ಮಧ್ಯಾಹ್ನ ಒಂದು ಗಂಟೆ ಐದು ನಿಮಿಷಕ್ಕೆ, ಚಿಕ್ಕಗಂಗಮ್ಮನ ಬಲಗೈ ತುರಿಯುವ ಮಿಷನ್ನಿಗೆ ಸಿಕ್ಕಿ ಹೆಬ್ಬೆರಳೂ ಪಕ್ಕದ ಎರಡು ಬೆರಳೂ ಹೋದವು. ಆಕೆ ಗುತ್ತಿಗೆದಾರನ ಕಡೆಯ ಆಳು. ಹೊನ್ನವಳ್ಳಿಯಲ್ಲಿ ಯೋಗೀಶನ ಮನೆಯ ಹಿಂದಿನ ಬೀದಿಯವಳು. ಒಂದರಿಂದ ಒಂದೂವರೆ ಊಟದ ಹೊತ್ತು. ಆದರೆ ಹಸಿ ತುರಿ ಮಿಷನ್ನಿನೊಳಗೆ ಅಂಟಿಕೊಂಡರೆ ಬಿಸಿಲುಕಾಲದಲ್ಲಿ ಬೇಗ ಹುಳಿಯಾಗಿ ಮುಂದಿನ ಪುಡಿಯನ್ನೂ ಕೆಡಿಸುತ್ತದೆ. ಅದಕ್ಕೇ ಹೆಂಗಸರು ಬುತ್ತಿ ಬಿಚ್ಚುವ ಮೊದಲು ಹತ್ತು ನಿಮಿಷ ಮಿಷನ್ ತೊಳೆಯುತ್ತಾರೆ. ಯಾವ ಆದೇಶದಲ್ಲೂ ಇದನ್ನು ಬರೆದಿಲ್ಲ. ತೊಳೆಯದವರಿಗೆ ಮರುದಿನ ಕೆಲಸವಿಲ್ಲ, ಅಷ್ಟೇ. ಅವತ್ತು ಆಕೆಯ ಕೈ ಒಳಗಿದ್ದಾಗ ಆಚೆ ಬದಿಯಿಂದ ಯಾರೋ ಸ್ವಿಚ್ ಹಾಕಿದರು.

ಯೋಗೀಶ ಇದನ್ನೆಲ್ಲ ಮುನ್ನೂರು ಅಕ್ಷರಕ್ಕೆ ಇಳಿಸಿ ಕೇಳಿದ. ಎರಡು ಗಂಟೆಯಲ್ಲಿ ಉತ್ತರ ಬಂತು: ಗುತ್ತಿಗೆಯ ಆಳಾದರೂ ಪರಿಹಾರದ ಹೊಣೆ ಕಂಪನಿಯದು. ಮೊದಲು ಕೊಡಿ, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿ. ತಡಮಾಡಬೇಡಿ.

ಮ್ಯಾನೇಜರ್ ರವಿಕಿರಣ್ ಓದಿ ಮೊಬೈಲನ್ನು ಮೇಜಿನ ಮೇಲೆ ಕವುಚಿ ಇಟ್ಟರು.

“ಏನ್ರೀ ಇದು, ಆಯಮ್ಮನ ಪರವಾಗಿ ಅರ್ಜಿ ಬರ್ದಂಗಿದೆ? ನೀವು ಯಾರ ಲಾಯರ್ರು?”

“ನಡೆದಿದ್ದು ಬರೆದೆ ಸಾರ್.”

“ನಡೆದಿದ್ದೆಲ್ಲಾ ಬರಿಯಕ್ಕೆ ಅದೇನು ಹರಿಕಥೆನಾ? ಊಟದ ಟೈಮು ತಾನೆ? ಮಿಷನ್ ಮುಟ್ಟು ಅಂತ ಬರವಣಿಗೇಲಿ ಯಾರಾದ್ರೂ ಹೇಳಿದ್ರಾ? ಇಲ್ವಲ್ಲ! ಅಷ್ಟು ಮಾತ್ರ ಬರ್ದು ಇನ್ನೊಂದ್ಸಲ ಕೇಳಿ. ಸುಳ್ಳು ಬರೀರಿ ಅಂತ ನಾನು ಹೇಳ್ತಿಲ್ಲ ಕಣ್ರೀ.”

ಯೋಗೀಶ ಅಷ್ಟು ಮಾತ್ರ ಬರೆದ. ನೂರಾ ಹದಿನಾರು ಅಕ್ಷರ ಉಳಿದಿದ್ದವು. ತೊಳೆಯುವ ವಿಷಯ ಅದರಲ್ಲಿ ಸಲೀಸಾಗಿ ಹಿಡಿಸುತ್ತಿತ್ತು.

ಈ ಸಲ ಉತ್ತರಕ್ಕೆ ಮೊದಲು ಫೋನೇ ಬಂತು. ಲಿಖಿತಾ ಅವರ ದನಿ ಅವನು ಅಂದುಕೊಂಡಿದ್ದಕ್ಕಿಂತ ಮೆತ್ತಗಿತ್ತು.

“ಯೋಗೀಶ್ ಅವರೇ, ಇದು ಮೊನ್ನೆ ಕೇಳಿದ್ರಲ್ಲ, ಅದೇ ಹೆಂಗಸಿನ ವಿಷಯಾನಾ?”

ರವಿಕಿರಣ್ ಎದುರಿಗೇ ಕೂತಿದ್ದರು.

“ಅಲ್ಲ ಮೇಡಂ. ಇದು ಬೇರೆ.”

ಒಂದು ಗಂಟೆಯಲ್ಲಿ ಎರಡು ಸಾಲು ಬಂದವು: ನೀವು ಹೇಳಿದಂತಿದ್ದರೆ ಕಂಪನಿ ತನ್ನ ಹೊಣೆಯನ್ನು ಅಲ್ಲಗಳೆಯಲು ಅವಕಾಶವಿದೆ. ಈ ಸಲಹೆ ನೀವು ಕೊಟ್ಟ ವಿವರಗಳಿಗೆ ಮಾತ್ರ ಅನ್ವಯಿಸುತ್ತದೆ.

ಮರುವಾರ ಚಿಕ್ಕಗಂಗಮ್ಮ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಆಫೀಸಿಗೆ ಬಂದಳು. ಆಸ್ಪತ್ರೆ ಖರ್ಚು ಮುಟ್ಟಿದೆ, ಇನ್ನೇನೂ ಕೇಳುವುದಿಲ್ಲ ಎಂಬ ಕಾಗದ ಸಿದ್ಧವಾಗಿತ್ತು. ರವಿಕಿರಣ್ ಆ ಎರಡು ಸಾಲಿನ ಪ್ರಿಂಟ್ ತೋರಿಸಿ, “ನೋಡಮ್ಮ, ಬೆಂಗಳೂರಿನ ದೊಡ್ಡ ಲಾಯರ್ರೇ ಬರ್ದವ್ರೆ. ಕಂಪನಿ ಏನೂ ಕೊಡ್ಬೇಕಾಗಿಲ್ವಂತೆ. ನಾವೇ ಪಾಪ ಅಂತ ಆಸ್ಪತ್ರೆಗೆ ಕಟ್ಟಿದ್ದೀವಿ,” ಎಂದರು.

ಆಕೆ ಅವರ ಕಡೆ ನೋಡಲಿಲ್ಲ.

“ನಂಗೆ ಓದಾಕೆ ಬರಾಕಿಲ್ಲ ಕಣಪ್ಪ ಯೋಗೀಶ. ನೀನು ನಮ್ಮೂರೋನು, ನೀನ್ ಹೇಳು. ಉಣ್ಣೋ ಹೊತ್ನಲ್ಲಿ ಮಿಷನ್ ತೊಳ್ಯಾದು ನಾವೇ ಅಂತ ಆ ಲಾಯರ್ಗೆ ಹೇಳ್ದ್ಯಾ?”

“ಹೇಳ್ದೆ ಕಣಕ್ಕ.”

“ಹೇಳುದ್ ಮೇಲೂ ಹಿಂಗಂದ್ರಾ?”

“ಹೂಂ.”

“ಹಂಗಾದ್ರೆ ಬುಡು. ಓದ್ದೋರು ಹೇಳವ್ರೆ.”

ಹೆಂಗಸರ ಸಂಘಕ್ಕೆ ಸೇರಿದಾಗ ಆಕೆ ಸಹಿ ಮಾಡುವುದನ್ನು ಕಲಿತಿದ್ದಳು. ಹೆಸರಿನ ಅಕ್ಷರಗಳಷ್ಟೇ ಆಕೆಗೆ ಬರುತ್ತಿದ್ದ ಬರಹ. ಅವನ್ನು ಬರೆಯುತ್ತಿದ್ದುದು ಬಲಗೈ. ಯೋಗೀಶ ಇಂಕು ಪ್ಯಾಡು ತೆರೆದು ಎಡಗೈ ಹೆಬ್ಬೆರಳನ್ನು ತಾನೇ ಹಿಡಿದು ಒತ್ತಿಸಿದ. ಇಂಥ ಕಾಗದ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಆ ಕೋಣೆಯಲ್ಲಿ ಅದನ್ನು ಹೇಳಬಹುದಾಗಿದ್ದವನು ಅವನೊಬ್ಬನೇ. ಪ್ಯಾಡು ಮುಚ್ಚಿ, ಆಕೆಗೆ ಬೆರಳು ಒರೆಸಿಕೊಳ್ಳಲು ಬಟ್ಟೆ ಕೊಟ್ಟ.

ಮಿಷನ್ ತೊಳೆಯುವುದು ನಿಂತಿಲ್ಲ. ಒಂದು ಗಂಟೆಗೆ ಯೋಗೀಶ ಊಟದ ಡಬ್ಬಿ ತೆರೆದಾಗ ಗೋಡೆಯಾಚೆ ನೀರು ಬಿಟ್ಟ ಸದ್ದು ಕೇಳುತ್ತದೆ.

ಪರಿಹಾರಕ್ಕೆ ಅರ್ಜಿ ಹಾಕಲು ಗಡುವು ಇನ್ನೂ ಮುಗಿದಿಲ್ಲ. ಅದನ್ನು ಆಕೆಗೆ ತಿಳಿಸಲು ಫೋನೂ ಬೇಡ, ಮುನ್ನೂರು ಅಕ್ಷರವೂ ಬೇಡ. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಹಿಂದಿನ ಬೀದಿಯಲ್ಲಿ ಒಂದು ನಿಮಿಷ ನಿಂತರೆ ಸಾಕು. ಯೋಗೀಶ ಈಗ ಬಸ್ಸಿಗೆ ಮುಂದಿನ ಬೀದಿಯಿಂದ ಹೋಗುತ್ತಾನೆ. ಆ ದಾರಿ ಇನ್ನೂರು ಹೆಜ್ಜೆ ಹೆಚ್ಚು.