ನಾಯಕನನ್ನು ಎತ್ತಿದವರು

ಸತ್ತಿ ಊರಿನ ನಮ್ಮ ಕಬಡ್ಡಿ ತಂಡದಲ್ಲಿ ಪ್ರತಿಯೊಬ್ಬನೂ ತನ್ನ ಹೆಸರಿಗಾಗಿಯೇ ಆಡುತ್ತಿದ್ದ. ಅಥಣಿಯಲ್ಲಿ ಸೋತ ಪಂದ್ಯದಲ್ಲಿ ನಮ್ಮ ನಾಯಕ ತಲೆಕೆಳಗಾಗಿ ಬಿದ್ದು ಕತ್ತು ಮುರಿದುಕೊಂಡ. ಆಮೇಲೆ ಅವನು ಹಾಸಿಗೆ ಬಿಟ್ಟು ಏಳಲಿಲ್ಲ.

ಬೆನ್ನು ಹುಣ್ಣಾಗದಂತೆ ಅವನನ್ನು ಆಗಾಗ ಮಗ್ಗುಲು ಹೊರಳಿಸಬೇಕಿತ್ತು. ಅದು ಅವನ ತಾಯಿಯೊಬ್ಬಳ ಕೈಲಿ ಆಗುತ್ತಿರಲಿಲ್ಲ. ಹಾಗಾಗಿ ನಾವು ಕಬ್ಬಿನ ಹೊಲದಿಂದ ನೇರವಾಗಿ ಅವನ ಮನೆಗೆ ಹೋಗತೊಡಗಿದೆವು. ಒಬ್ಬ ತಲೆ ಹಿಡಿದರೆ ಉಳಿದವರು ಬೆನ್ನು, ಸೊಂಟ, ಕಾಲು ಹಿಡಿದು ಒಟ್ಟಿಗೆ ಎತ್ತುತ್ತಿದ್ದೆವು. ಯಾರಾದರೂ ತುಸು ತಡಮಾಡಿದರೂ ಅವನು ನೋವಿನಿಂದ ಚೀರುತ್ತಿದ್ದ.

"ಹಿಂಗ ಎಲ್ಲಾರೂ ಕೂಡಿ ಆಡಿದ್ರ ಅವತ್ತ ಗೆಲ್ತಿದ್ವಲ್ಲಲೇ," ಎಂದ ನಾಯಕ ಒಂದು ದಿನ.

ಮಳೆಗಾಲಕ್ಕೆ ಮುಂಚೆಯೇ ಅವನು ತೀರಿಕೊಂಡ. ತಂಡ ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಈಗಲೂ ಸಂಜೆ ನಮ್ಮಲ್ಲೊಬ್ಬ ಹೋಗಿ ಆ ತಾಯಿಯ ಎಮ್ಮೆಗೆ ಮೇವು ಹಾಕಿ ಬರುತ್ತಾನೆ.